ಸತ್ಯಾಂಶ: ಲಕ್ಷ ಕಿ.ಮೀ. ದಾಟಿದ ಪಿಕಪ್ ಕೊಳ್ಳಲೇಬಾರದೇ?

ಒಂದು ಲಕ್ಷ ಕಿ.ಮೀ. ದಾಟಿದ ಪಿಕಪ್‌ನ ಎಂಜಿನ್ ಮುಗಿದಂತೆಯೇ, ಹಾಗಾಗಿ ಮೀಟರ್ ನೋಡಿಯೇ ಗಾಡಿ ಕೊಳ್ಳಿ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಕಾಳಜಿಯಿಂದಲೇ ಹಲವರು ಅದನ್ನು ಹಂಚುತ್ತಾರೆ. ಆದರೆ ಅದು ಸರಿಯಲ್ಲ.

ಡೀಸೆಲ್ ಎಂಜಿನ್ ಸವೆಯುವುದು ಓಡಿದ ದೂರದಿಂದ ಮಾತ್ರವಲ್ಲ. ಸಮಯಕ್ಕೆ ಆಯಿಲ್ ಬದಲಿಸದಿರುವುದು, ಮಿತಿಮೀರಿದ ಲೋಡು, ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಕಡಿಮೆಯಾಗಿ ಎಂಜಿನ್ ಬಿಸಿಯೇರುವುದು, ಇವು ಬಹಳ ಹಾನಿ ಮಾಡುತ್ತವೆ. ಹೆದ್ದಾರಿಯಲ್ಲಿ ಎರಡು ಲಕ್ಷ ಕಿ.ಮೀ. ಓಡಿ ಕ್ರಮವಾಗಿ ಸರ್ವಿಸ್ ಆದ ಗಾಡಿ, ಕ್ವಾರಿಯಲ್ಲಿ ಜಲ್ಲಿ ಹೊತ್ತು ಎಂಬತ್ತು ಸಾವಿರ ಓಡಿದ ಗಾಡಿಗಿಂತ ಗಟ್ಟಿಯಾಗಿರಬಹುದು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಮೀಟರನ್ನು ಹಿಂದಕ್ಕೆ ತಿರುಗಿಸಬಹುದು. ಡಿಜಿಟಲ್ ಮೀಟರೂ ಇದಕ್ಕೆ ಹೊರತಲ್ಲ.

ಪರೀಕ್ಷೆ ಯಾರಿಗೂ ಕಷ್ಟವಲ್ಲ. ಹಳೆಯ ಸರ್ವಿಸ್ ಬಿಲ್ಲುಗಳಲ್ಲಿ ದಿನಾಂಕದ ಜೊತೆ ಸಾಮಾನ್ಯವಾಗಿ ಕಿ.ಮೀ. ಬರೆದಿರುತ್ತದೆ, ಅದನ್ನು ಮೀಟರಿನೊಂದಿಗೆ ಹೋಲಿಸಿ. ಟೈರಿನ ಬದಿಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ: 2319 ಎಂದರೆ 2019ರ 23ನೇ ವಾರ. ಅದನ್ನು ಗಾಡಿಯ ವರ್ಷದೊಂದಿಗೆ ಹೋಲಿಸಿ. ಮೀಟರ್ ಮೂವತ್ತು ಸಾವಿರ ತೋರಿಸುತ್ತಿದ್ದು ಪೆಡಲ್ ರಬ್ಬರ್ ಪೂರ್ತಿ ಸವೆದಿದ್ದರೆ ಅನುಮಾನ ಸಹಜ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಚಾಸಿಯ ತುಕ್ಕು, ಹಿಂದಿನ ಸ್ಪ್ರಿಂಗ್ ಪ್ಲೇಟುಗಳ ಬಿರುಕುಗಳನ್ನು ಗಾಡಿಯ ಕೆಳಗೆ ಬಗ್ಗಿಯೇ ನೋಡಬೇಕು.

ಎಫ್‌ಸಿ (ಗಾಡಿಯ ಫಿಟ್‌ನೆಸ್ ಪ್ರಮಾಣಪತ್ರ), ವಿಮೆ, ಸಾಲದ ನಮೂದುಗಳನ್ನು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಬಹುದು. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಸಾಲದ ನಮೂದು ತೆಗೆಸಲು ಬೇಕಾದ ಫಾರಂ 35 ಕೇಳಿ ಪಡೆಯಿರಿ. ಕೊಂಡ ಕೂಡಲೇ ಆಯಿಲ್, ಫಿಲ್ಟರುಗಳು, ಕೂಲಂಟ್ ಬದಲಿಸಿ, ಆ ದಿನದ ಕಿ.ಮೀ. ಬರೆದಿಡಿ.