ಇನ್ನೊಂದು ಡಿಸ್ಕಿಗೆ ಜಾಗ ಇದೆಯಾ?

ಮನೆಗೊಂದು ಸರ್ವರ್ ಬೇಕು ಅಂತ ಯಾರಿಗೂ ಇದ್ದಕ್ಕಿದ್ದಂತೆ ಅನ್ನಿಸುವುದಿಲ್ಲ. ಮೊದಲು ಫೋನಿನಲ್ಲಿ ಜಾಗ ಮುಗಿಯುತ್ತದೆ. ಆಮೇಲೆ ಕ್ಲೌಡ್‌ನವರು ತಿಂಗಳು ತಿಂಗಳು ದುಡ್ಡು ಕೇಳಲು ಶುರು ಮಾಡುತ್ತಾರೆ. ಆಗ ತಲೆಗೆ ಹುಳ ಹೊಕ್ಕುತ್ತದೆ: ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಕೂರಿಸಿ, ಫೋಟೋ, ವಿಡಿಯೋ ಎಲ್ಲಾ ಅದರಲ್ಲೇ ತುಂಬಿಟ್ಟರೆ ಪುಕ್ಕಟೆ ಅಲ್ವಾ? ಆ ಪುಕ್ಕಟೆ ಕೆಲಸಕ್ಕೆ ಇಲ್ಲಿವರೆಗೆ ಎಷ್ಟು ಖರ್ಚಾಗಿದೆ ಅನ್ನುವ ಲೆಕ್ಕವನ್ನೂ ಸರ್ವರ್‌ನಲ್ಲೇ ಇಟ್ಟಿದ್ದೇನೆ. ಆ ಫೈಲಿಗೆ ಮಾತ್ರ ಪಾಸ್‌ವರ್ಡ್ ಇದೆ.

ನಮ್ಮ ಮನೆಯ ಮೊದಲ ಸರ್ವರ್ ಒಂದು ಹಳೇ ಲ್ಯಾಪ್‌ಟಾಪ್. ಕರೆಂಟ್ ಕಡಿಮೆ ಎಳೆಯುತ್ತದೆ, ಸ್ಕ್ರೀನು, ಕೀಬೋರ್ಡು ಅದರಲ್ಲೇ ಇವೆ, ಕರೆಂಟ್ ಹೋದರೂ ಬ್ಯಾಟರಿ ಕಾಯುತ್ತದೆ, ಬೇರೆ ಯುಪಿಎಸ್ ಬೇಡ. ಆದರೆ ಬ್ಯಾಟರಿಯನ್ನು ಹಗಲೂ ರಾತ್ರಿ ಚಾರ್ಜಿಗೇ ಹಾಕಿಟ್ಟರೆ ಅದು ಊದಿಕೊಳ್ಳುವುದುಂಟು. ಒಂದು ದಿನ ನೋಡಿದರೆ ಟಚ್‌ಪ್ಯಾಡ್ ಒಂದು ಮೂಲೆಯಲ್ಲಿ ಮೇಲೆದ್ದು ಕೂತಿತ್ತು. ನನ್ನವಳು ಕನ್ನಡಕ ಏರಿಸಿಕೊಂಡು ನೋಡಿ, ‘ರೀ, ಇದಕ್ಕೂ ನಿಮ್ಮ ಹಾಗೇ ಹೊಟ್ಟೆ ಬಂದಿದೆ’ ಅಂದಳು. ಅಲ್ಲಿಗೆ ಲ್ಯಾಪ್‌ಟಾಪ್ ಮನೆಯಿಂದ ಹೊರಗೆ ಹೋಯಿತು.

ಆಮೇಲೆ ರಾಸ್ಪ್‌ಬೆರಿ ಪೈ ಬಂತು. ಅಂಗೈ ಅಗಲದ ಬೋರ್ಡಿನಲ್ಲೇ ಇಡೀ ಕಂಪ್ಯೂಟರ್, ನೋಡೋಕೆ ಮುದ್ದಾಗಿದೆ. ಪೈ 4ರಲ್ಲಿ ಯುಎಸ್‌ಬಿ ಪೋರ್ಟು ನಾಲ್ಕಿವೆ, ನಿಜ. ಆದರೆ ನಾಲ್ಕೂ ಸೇರಿ ಕೊಡುವ ಕರೆಂಟು 1.2 ಆಂಪಿಯರ್ ಮಾತ್ರ. ಒಂದು ಪೋರ್ಟಬಲ್ ಹಾರ್ಡ್ ಡಿಸ್ಕ್ ತಿರುಗಲು ಶುರು ಮಾಡುವಾಗ ಅದರಲ್ಲಿ ಮುಕ್ಕಾಲು ಪಾಲು ತಾನೇ ನುಂಗಬಹುದು. ಎರಡನೆಯದನ್ನು ಚುಚ್ಚಿದೆ. ಎರಡೂ ‘ಟಿಕ್, ಟಿಕ್’ ಅಂದು ಸುಮ್ಮನಾದವು.

ಆಫೀಸುಗಳಿಂದ ಹೊರಬೀಳುವ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಗಳ ಮೇಲೆ ನನಗೆ ಈಗಲೂ ಪ್ರೀತಿ ಇದೆ. ಒಂದು ಲೀಟರ್ ಆಸುಪಾಸಿನ ಗಾತ್ರ, ಕೆಲಸವಿಲ್ಲದಾಗ ಎಳೆಯುವುದು ಹತ್ತು ವಾಟಿನ ಆಸುಪಾಸು, ಸದ್ದೂ ಇಲ್ಲ. ಒಳಗೆ ಸಾಮಾನ್ಯವಾಗಿ ಒಂದು 2.5 ಇಂಚಿನ ಡಿಸ್ಕ್, ಒಂದು ಎಂ ಡಾಟ್ ಟೂ ಎಸ್‌ಎಸ್‌ಡಿ (ಬೋರ್ಡಿಗೇ ನೇರ ಚುಚ್ಚುವ, ತಿರುಗದ ಚಿಕ್ಕ ಡಿಸ್ಕ್) ಹಿಡಿಸುತ್ತದೆ. ತೊಂದರೆ ಏನಪ್ಪಾ ಅಂದರೆ, ಕಡಿಮೆ ದುಡ್ಡಿಗೆ ಜಾಸ್ತಿ ಟಿಬಿ ಸಿಗುವುದು 3.5 ಇಂಚಿನ ಡಿಸ್ಕಿನಲ್ಲಿ. ಅದರ ಉದ್ದ 147 ಮಿಲಿಮೀಟರ್, ಅಗಲ 101.6, ದಪ್ಪ 26. ಮುಚ್ಚಳ ತೆಗೆದು ಅದನ್ನು ಉದ್ದಕ್ಕೆ, ಅಡ್ಡಕ್ಕೆ, ಓರೆಯಾಗಿ ಹಿಡಿದು ನೋಡಿದೆ. ಫ್ಯಾನು ಮತ್ತು ಮದರ್‌ಬೋರ್ಡು ಎರಡನ್ನೂ ಕಿತ್ತರೆ ಆರಾಮಾಗಿ ಕೂರುತ್ತಿತ್ತು. ಕೂತಿದ್ದರೂ ಪ್ರಯೋಜನವಿರಲಿಲ್ಲ ಬಿಡಿ. ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕು, ಲ್ಯಾಪ್‌ಟಾಪ್ ಡಿಸ್ಕಿಗೆಂದು ಮಾಡಿದ ಕನೆಕ್ಟರ್‌ನಲ್ಲಿ ಸಿಗುವುದು ಬರೀ 5.

ಹೋಂ ಸರ್ವರ್ ವಿಷಯ ಬಂದರೆ ಎಲ್ಲರೂ ಪ್ರೊಸೆಸರ್‌ನಿಂದಲೇ ಮಾತು ಶುರು ಮಾಡುತ್ತಾರೆ. ಎಷ್ಟು ಕೋರು, ಎಷ್ಟು ಗಿಗಾಹರ್ಟ್ಜ್. ಅಲ್ಲ, ಫೋಟೋ ಇಟ್ಟುಕೊಂಡು ಕೇಳಿದಾಗ ವಾಪಸ್ ಕೊಡೋದಕ್ಕೆ ಎಷ್ಟು ಬುದ್ಧಿ ಬೇಕು ಹೇಳಿ? ಹತ್ತು ವರ್ಷ ಹಳೆಯ ನಾಲ್ಕು ಕೋರಿನ ಪ್ರೊಸೆಸರ್ ಸಾಕೋ ಸಾಕು. ಎಣಿಸಬೇಕಾದ್ದು ಬೇರೆ ಇದೆ. ಡಿಸ್ಕ್ ಕೂರಿಸಲು ಒಳಗೆ ಎಷ್ಟು ಗೂಡು, ಬೋರ್ಡಿನಲ್ಲಿ ಡಿಸ್ಕಿನ ಕೇಬಲ್ ಚುಚ್ಚುವ ಸಾಟಾ ಪೋರ್ಟು ಎಷ್ಟು, ಪವರ್ ಸಪ್ಲೈಯಿಂದ ಇಳಿಬಿದ್ದ ಕನೆಕ್ಟರ್ ಎಷ್ಟು. ಮೂರರಲ್ಲಿ ಯಾವುದು ಕಡಿಮೆಯೋ ನಿಮ್ಮ ಸರ್ವರ್‌ನ ಸೈಜು ಅಷ್ಟೇ. ಕಾರ್ಡ್ ಹಾಕಲು ಒಂದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಖಾಲಿ ಇದ್ದರೆ ಮುಂದೆ ಪೋರ್ಟು ಹೆಚ್ಚಿಸಿಕೊಳ್ಳಬಹುದು. ಗೂಡು ಹೆಚ್ಚಿಸುವ ಕಾರ್ಡು ಇನ್ನೂ ಬಂದಿಲ್ಲ. ಪವರ್ ಸಪ್ಲೈ ಮಾಮೂಲಿ ಎಟಿಎಕ್ಸ್ ಅಳತೆಯದ್ದು ಹೌದಾ ಅಂತಲೂ ಒಮ್ಮೆ ಮುಚ್ಚಳ ತೆಗೆದು ನೋಡುವುದು ಒಳ್ಳೆಯದು. ಎಷ್ಟೋ ಆಫೀಸ್ ಡೆಸ್ಕ್‌ಟಾಪ್‌ಗಳಲ್ಲಿ ಕಂಪನಿಯವರದ್ದೇ ಬೇರೆ ಆಕಾರ, ಬೇರೆ ಕನೆಕ್ಟರ್. ಅದು ಸುಟ್ಟರೆ ಅಂಥದ್ದನ್ನೇ ಹುಡುಕಿಕೊಂಡು ಅಲೆಯಬೇಕು.

ಇಷ್ಟೆಲ್ಲ ನೋಡಿ ನಾನು ದೊಡ್ಡ ಟವರ್ ಕ್ಯಾಬಿನೆಟ್ಟು, ಆರು ಸಾಟಾ ಪೋರ್ಟಿನ ಬೋರ್ಡು ತಂದೆ. ಆಪರೇಟಿಂಗ್ ಸಿಸ್ಟಂಗೆಂದು ಎಂ ಡಾಟ್ ಟೂ ಸ್ಲಾಟಿಗೆ ಒಂದು ಎಸ್‌ಎಸ್‌ಡಿ ಹಾಕುವಾಗ, ಅದನ್ನು ಹಿಡಿದಿಡುವ ಸ್ಕ್ರೂ ಕೈತಪ್ಪಿತು. ಅದು ಎಷ್ಟು ಚಿಕ್ಕದೆಂದರೆ ನೆಲಕ್ಕೆ ಬಿದ್ದ ಸದ್ದೂ ಕೇಳಲಿಲ್ಲ. ಇಡೀ ಮನೆ ಮೊಬೈಲ್ ಟಾರ್ಚ್ ಹಿಡಿದು ಮಂಡಿಯೂರಿತು. ಕೊನೆಗೆ ಸಿಕ್ಕಿದ್ದು ನನ್ನ ಪ್ಯಾಂಟಿನ ಮಡಿಕೆಯಲ್ಲಿ. ಎಸ್‌ಎಸ್‌ಡಿ ಕೂರಿಸಿ ಆನ್ ಮಾಡಿದರೆ ಆರನೇ ಡಿಸ್ಕ್ ಮಾಯ! ಕೇಬಲ್ ಬದಲಿಸಿದೆ, ಡಿಸ್ಕ್ ಅದಲುಬದಲು ಮಾಡಿದೆ, ಬೋರ್ಡಿಗೆ ಬೈದೆ. ಮ್ಯಾನ್ಯುಯಲ್‌ನಲ್ಲಿ ಪುಟದ ಕೆಳತುದಿಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದರು: ಈ ಸ್ಲಾಟ್ ಬಳಸಿದರೆ ಆರನೇ ಪೋರ್ಟ್ ಕೆಲಸ ಮಾಡುವುದಿಲ್ಲ. ಎರಡಕ್ಕೂ ಹೋಗುವ ದಾರಿ ಒಂದೇ ಅಂತೆ. ಹಾಗಾದರೆ ಡಬ್ಬದ ಮೇಲೆ ಆರು ಅಂತ ಅಷ್ಟು ದೊಡ್ಡದಾಗಿ ಯಾಕೆ ಹಾಕಬೇಕು?

ಇನ್ನು ಡಿಸ್ಕಿನ ಕಥೆ. ಯುಎಸ್‌ಬಿ ಡಬ್ಬದಲ್ಲಿ ಬರುವ ದೊಡ್ಡ ಡಿಸ್ಕು ಕೆಲವೊಮ್ಮೆ ಬಿಡಿ ಡಿಸ್ಕಿಗಿಂತ ಅಗ್ಗ. ಡಬ್ಬ ಒಡೆದು ಒಳಗಿನದನ್ನು ತೆಗೆದುಕೊಳ್ಳುವವರು ಬಹಳ ಜನ ಇದ್ದಾರೆ. ನಾನೂ ಹಳೇ ಎಟಿಎಂ ಕಾರ್ಡು ತೂರಿಸಿ, ಕೊಂಡಿ ಮುರಿದು, ಡಿಸ್ಕ್ ಹೊರತೆಗೆದು ಸರ್ವರ್‌ಗೆ ಹಾಕಿದೆ. ಉಸಿರೇ ಇಲ್ಲ. ವಾಪಸ್ ಡಬ್ಬಕ್ಕೆ ಹಾಕಿದರೆ ಚೆನ್ನಾಗಿ ತಿರುಗುತ್ತದೆ!

ತಪ್ಪು ಡಿಸ್ಕಿನದಲ್ಲ, ಮೂರನೇ ಪಿನ್ನಿನದು. ಸಾಟಾ ಪವರ್ ಕನೆಕ್ಟರ್‌ನಲ್ಲಿ 15 ಪಿನ್ನುಗಳಿವೆ. ಹಳೇ ಲೆಕ್ಕದಲ್ಲಿ ಮೂರನೆಯದು 3.3 ವೋಲ್ಟ್ ಕೊಡುವ ಪಿನ್ನು. ಹೊಸ ಲೆಕ್ಕದಲ್ಲಿ ಅಲ್ಲಿ ವೋಲ್ಟೇಜ್ ಕಂಡರೆ ‘ನೀನು ಆಫ್ ಆಗಿರು’ ಅಂತ ಡಿಸ್ಕಿಗೆ ಹೇಳಿದ ಹಾಗೆ. ಡೇಟಾ ಸೆಂಟರ್‌ಗಳಲ್ಲಿ ಕೆಟ್ಟು ಕೂತ ಡಿಸ್ಕನ್ನು ಎದ್ದು ಹೋಗದೇ ರೀಸೆಟ್ ಮಾಡಲು ಈ ವ್ಯವಸ್ಥೆ. ನಮ್ಮ ಮನೆಯ ಹಳೇ ಪವರ್ ಸಪ್ಲೈ ಆ ಪಿನ್ನಿಗೆ ಬಿಡದೆ 3.3 ವೋಲ್ಟ್ ಕೊಡುತ್ತಿತ್ತು. ಡಿಸ್ಕು ಬಿಡದೆ ಆಫ್ ಆಗಿರುತ್ತಿತ್ತು. ಇಷ್ಟು ಮಾತು ಕೇಳುವವರು ನಮ್ಮ ಮನೆಯಲ್ಲಿ ಇನ್ಯಾರೂ ಇಲ್ಲ.

ಇದಕ್ಕೆ ಮೋಲೆಕ್ಸ್ ಅನ್ನುವ ಹಳೇ ನಾಲ್ಕು ಪಿನ್ನಿನ ಪವರ್ ಕನೆಕ್ಟರ್‌ನಿಂದ ಸಾಟಾಗೆ ಬದಲಿಸುವ ಅಡಾಪ್ಟರ್ ಹಾಕಬಹುದು. ಅದರಲ್ಲಿ 3.3 ವೋಲ್ಟಿನ ತಂತಿಯೇ ಇರುವುದಿಲ್ಲ. ಆದರೆ ಅಗ್ಗದ, ಅಚ್ಚು ಹೊಯ್ದ ಅಡಾಪ್ಟರ್‌ಗಳು ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಿದ್ದುಂಟು. ಹಾಗಾಗಿ ಟೇಪ್. ಕ್ಯಾಪ್ಟಾನ್ ಅಂತ ಹಳದಿ ಬಣ್ಣದ, ಶಾಖ ತಡೆಯುವ ಟೇಪ್ ಬರುತ್ತದೆ. ಪಿನ್ನಿನಿಂದ ಪಿನ್ನಿಗೆ ಅಂತರ 1.27 ಮಿಲಿಮೀಟರ್. ಅಷ್ಟಗಲದ ಚೂರು ಕತ್ತರಿಸಿ ಅಂಟಿಸಲು ಹೋದರೆ ಅದು ಬೆರಳಿಗೆ, ಕತ್ತರಿಗೆ, ಕನ್ನಡಕಕ್ಕೆ, ಪಿನ್ನೊಂದನ್ನು ಬಿಟ್ಟು ಎಲ್ಲಕ್ಕೂ ಅಂಟಿತು. ‘ಅಪ್ಪಾ, ನಿಂಗೆ ಕೈ ನಡುಗುತ್ತೆ, ಇಲ್ಲಿ ಕೊಡು’ ಅಂದು ಮಗಳು ಹುಬ್ಬು ತೀಡುವ ಚಿಮಟ ತಂದಳು. ಒಂದೇ ಸಲಕ್ಕೆ ಕೂರಿಸಿದಳು. ಡಿಸ್ಕು ಗುರ್ ಅಂತ ಎದ್ದಿತು. ಅವಳು ಕಾಲೇಜಿಗೆ ಹೊರಡುವ ಆತುರದಲ್ಲಿದ್ದಳು, ನನ್ನ ಚಪ್ಪಾಳೆ ನೋಡಲೂ ನಿಲ್ಲಲಿಲ್ಲ.

ಅಗ್ಗದ ಡಿಸ್ಕಿನಲ್ಲಿ ಇನ್ನೊಂದು ಗುಮ್ಮ ಇದೆ, ಎಸ್‌ಎಂಆರ್. ಬರೆಯುವ ಸಾಲುಗಳನ್ನು ಒಂದರ ಮೇಲೊಂದು ಹಾಯುವಂತೆ ಜೋಡಿಸುವುದರಿಂದ ಜಾಗ ಹೆಚ್ಚು, ತುಂಬಾ ಬರೆಯುವಾಗ ವೇಗ ಪಾತಾಳಕ್ಕೆ. ನ್ಯಾಸ್‌ಗೆಂದೇ, ಅಂದರೆ ನೆಟ್‌ವರ್ಕಿನಲ್ಲಿ ಫೈಲು ಇಡುವ ಡಬ್ಬಗಳಿಗೆಂದೇ, ಮಾರುತ್ತಿದ್ದ ಕೆಲವು ಡಿಸ್ಕುಗಳೂ ಹೀಗೇ ಅಂತ 2020ರಲ್ಲಿ ಹೊರಬಿದ್ದು ದೊಡ್ಡ ಗಲಾಟೆಯಾಯಿತು. ಕೊಳ್ಳುವ ಮೊದಲು ಮಾಡೆಲ್ ನಂಬರ್ ಹುಡುಕಿ, ಸಿಎಂಆರ್ (ಸಾಲುಗಳು ಒಂದರ ಮೇಲೊಂದು ಹಾಯದ ಬಗೆ) ಅಂತ ಇದೆಯಾ ನೋಡಿ.

ನನ್ನ ಗೆಳೆಯನೊಬ್ಬ ಇದೆಲ್ಲ ತಲೆನೋವೇ ಬೇಡ ಅಂತ ಡೇಟಾ ಸೆಂಟರ್‌ನಲ್ಲಿ ಬಳಸುವಂಥ ಹಳೇ ರ‍್ಯಾಕ್ ಸರ್ವರ್ ತಂದಿದ್ದ. ಪುಣ್ಯಕ್ಕೆ ಅಗ್ಗ, ಎಂಟು ಗೂಡು. ಆನ್ ಮಾಡಿದ ಕೂಡಲೇ ಒಳಗಿನ ಚಿಕ್ಕ ಚಿಕ್ಕ ಫ್ಯಾನುಗಳು ಒಟ್ಟಿಗೆ ಕಿರುಚಿಕೊಂಡು, ಪಕ್ಕದ ಮನೆಯವರು ಕದ ತಟ್ಟಿದರು. ಸುಮ್ನೆ ಕೂತರೂ 100 ವಾಟ್ ದಾಟುತ್ತಿತ್ತು. ವರ್ಷವಿಡೀ 100 ವಾಟ್ ಅಂದರೆ 876 ಯೂನಿಟ್. ಬಿಲ್ ನೋಡಿ ಅವನೇ ಬಂದು, ‘ಏನು ತಗೊಳ್ಲೋ?’ ಅಂತ ಕೇಳಿದ. ಗೂಡು, ಪೋರ್ಟು, ಕನೆಕ್ಟರ್, ಮೂರನೇ ಪಿನ್ನು, ಎಲ್ಲ ಒಂದೂ ಬಿಡದೆ ಹೇಳಿದೆ. ತಲೆಯಾಡಿಸುತ್ತಾ ಎಲ್ಲ ಕೇಳಿಸಿಕೊಂಡ. ಹೋಗಿ, ಎರಡೇ ಡಿಸ್ಕ್ ಹಿಡಿಯುವ ಚಂದದ ಬಿಳೀ ಡಬ್ಬ ತಂದ.

ಅದು ತುಂಬಿತಂತೆ. ನಿನ್ನೆ ಫೋನ್ ಮಾಡಿದ್ದ: ‘ನಿನ್ನದರಲ್ಲಿ ಇನ್ನೂ ಗೂಡು ಖಾಲಿ ಇದೆ ಅಂದಿದ್ದೆ ಅಲ್ವೇನೋ? ನನ್ನ ಫೋಟೋನೂ ಸ್ವಲ್ಪ ಇಟ್ಕೋ.’