ಕ್ಯಾಪ್ಟನ್ ಸಾಹೇಬರು ಈಜುಕೊಳಕ್ಕೆ ಹಾರಿದರು

ನಮ್ಮ ಕರಾವಳಿಯಲ್ಲಿ ಹೆಣ್ಣು ಕೊಡುವವರಿಗೆ ಶಿಪ್ಪಿನ ಹುಡುಗ ಅಂದರೆ ಈಗಲೂ ಮರ್ಯಾದೆ ಜಾಸ್ತಿ. ಸಂಬಳ ಡಾಲರಿನಲ್ಲಿ, ವರ್ಷಕ್ಕೆ ನಾಲ್ಕೈದು ತಿಂಗಳು ರಜೆ. ರಜೆಯಲ್ಲಿ ಏನು ಮಾಡುತ್ತೀರಿ ಎಂದು ಮಾತ್ರ ಯಾವ ಮಾವನೂ ಕೇಳುವುದಿಲ್ಲ. ಕೇಳಿದ್ದರೆ ಎಷ್ಟೋ ಮದುವೆ ನಿಂತೇಹೋಗುತ್ತಿತ್ತು. ಯಾಕೆಂದರೆ ಅಳಿಯ ರಜೆಯಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋಗಿ, ಲಾಡ್ಜ್ ಹಿಡಿದು, ಬೆಂಚಿನ ಮೇಲೆ ಕೂತು, ಬೆಂಕಿ ಬಿದ್ದರೆ ಏನು ಮಾಡಬೇಕು ಎಂದು ಕಲಿಯುತ್ತಿರುತ್ತಾನೆ. ಐದು ವರ್ಷದ ಹಿಂದೆಯೂ ಇದನ್ನೇ ಕಲಿತಿದ್ದ. ಬೆಂಕಿ ಬದಲಾಗಿಲ್ಲ. ಫೀಸು ಬದಲಾಗಿದೆ.

ಹಡಗಿನ ಅಧಿಕಾರಿಯ ಲೈಸೆನ್ಸಿಗೆ ಸಿಒಸಿ ಅನ್ನುತ್ತಾರೆ. ಈ ಮನುಷ್ಯ ಈ ಕೆಲಸಕ್ಕೆ ಲಾಯಕ್ಕು ಎಂದು ಸರಕಾರ ಬರೆದುಕೊಡುವ ಕಾಗದ. ಆ ಲಾಯಕ್ಕಿಗೆ ಆಯಸ್ಸು ಐದೇ ವರ್ಷ. ಆ ಐದು ವರ್ಷದಲ್ಲಿ 12 ತಿಂಗಳಾದರೂ ಸಮುದ್ರದಲ್ಲಿದ್ದ ಲೆಕ್ಕ ತೋರಿಸಬೇಕು, ಅಥವಾ ಕೊನೆಯ ಆರು ತಿಂಗಳಲ್ಲಿ ಮೂರು ತಿಂಗಳು. ಇದಕ್ಕೆ ನನ್ನ ತಕರಾರಿಲ್ಲ. ಹತ್ತು ವರ್ಷ ಮನೆಯಲ್ಲಿ ಕೂತು ಅಡಿಕೆ ತೋಟ ನೋಡಿಕೊಂಡವನ ಕೈಗೆ ಏಕಾಏಕಿ ತೈಲದ ಟ್ಯಾಂಕರ್ ಕೊಟ್ಟರೆ ತೈಲಕ್ಕೂ ಕ್ಷೇಮವಲ್ಲ, ಮೀನಿಗೂ ಅಲ್ಲ.

ಮಜಾ ಇರುವುದು ಮುಂದೆ. ಸಮುದ್ರದಲ್ಲೇ ಇದ್ದವನಿಗೂ ಬಿಡುಗಡೆ ಇಲ್ಲ. ನಾವಿಕರ ತರಬೇತಿಗೆ 1978ರಲ್ಲಿ ಎಸ್‌ಟಿಸಿಡಬ್ಲ್ಯು ಎಂಬ ಅಂತರರಾಷ್ಟ್ರೀಯ ಒಪ್ಪಂದ ಆಯಿತು. 2010ರಲ್ಲಿ ಮನಿಲಾದಲ್ಲಿ ದೇಶಗಳೆಲ್ಲ ಸೇರಿ ಅದನ್ನು ತಿದ್ದಿದವು. ಬೆಂಕಿ ಆರಿಸುವುದು, ನೀರಿಗೆ ಬಿದ್ದಾಗ ಬದುಕುವುದು, ಲೈಫ್‌ಬೋಟ್ ನಡೆಸುವುದು ಇವೆಲ್ಲ ಮರೆತಿಲ್ಲ ಎಂದು ಐದು ವರ್ಷಕ್ಕೊಮ್ಮೆ ತೋರಿಸಬೇಕು ಎಂದವು. ಹೀಗೆ ರಿಫ್ರೆಶರ್ ಕೋರ್ಸ್ ಹುಟ್ಟಿತು. ಹೀಗೆಯೇ ಕ್ಯಾಪ್ಟನ್ ಸಾಹೇಬರು ಈಜುಕೊಳದ ದಂಡೆಗೆ ಬಂದರು.

ಆ ದೃಶ್ಯ ಕಲ್ಪಿಸಿಕೊಳ್ಳಿ. ಬಿಸ್ಕೆ ಕೊಲ್ಲಿಯ ಬಿರುಗಾಳಿ ದಾಟಿದವರು, ಮಲಕ್ಕಾ ಜಲಸಂಧಿಯಲ್ಲಿ ರಾತ್ರಿಯಿಡೀ ಹಡಗು ನಡೆಸುವ ಬ್ರಿಜ್ ಮೇಲೆ ನಿಂತವರು. ಈಗ ಕಿತ್ತಳೆ ಬಣ್ಣದ ಲೈಫ್‌ಜಾಕೆಟ್ ಕಟ್ಟಿಕೊಂಡು, ಮೂಗು ಹಿಡಿದುಕೊಂಡು, ಕ್ಲೋರಿನ್ ವಾಸನೆಯ ನೀರಿಗೆ ಹಾರುತ್ತಾರೆ. "ಕಾಲು ಜೋಡಿಸಿ ಸರ್, ದೃಷ್ಟಿ ಮುಂದೆ" ಎಂದು ದಂಡೆಯಿಂದ ಕೂಗುವವನು ಒಂದು ಕಾಲದಲ್ಲಿ ಇವರದೇ ಹಡಗಿನಲ್ಲಿ ಕೆಲಸ ಕಲಿಯುವ ಕೆಡೆಟ್ ಆಗಿದ್ದರೂ ಆಶ್ಚರ್ಯವಿಲ್ಲ. ಹಾರುವುದನ್ನು ಆಗ ಅವನಿಗೆ ಹೇಳಿಕೊಟ್ಟವರು ಇವರೇ.

ಹಡಗಿನಲ್ಲಿ ಇದೆಲ್ಲ ಆಗುವುದೇ ಇಲ್ಲವೇ? ಆಗುತ್ತದೆ. ಪ್ರತಿಯೊಬ್ಬ ಸಿಬ್ಬಂದಿಯೂ ತಿಂಗಳಿಗೊಮ್ಮೆ ಬೆಂಕಿ ಡ್ರಿಲ್ಲಿಗೂ ಹಡಗು ತೊರೆದು ಪಾರಾಗುವ ಡ್ರಿಲ್ಲಿಗೂ ಬರಲೇಬೇಕು ಎಂಬುದು ಸೋಲಾಸ್ ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಒಪ್ಪಂದದ ನಿಯಮ. ಗಂಟೆ ಬಾರಿಸುವವರು, ಸಮಯ ನೋಡುವವರು, ತಡವಾಗಿ ಬಂದವನಿಗೆ ಬೈಯುವವರು, ಲಾಗ್‌ಬುಕ್ಕಿಗೆ ಸಹಿ ಹಾಕುವವರು ಎಲ್ಲ ಇದೇ ಅಧಿಕಾರಿಗಳು. ನಡುಕಡಲಲ್ಲಿ ಜನರನ್ನು ನೀರಿಗೆ ಹಾರಿಸಿ ಅಭ್ಯಾಸ ಮಾಡಿಸಲಾಗದು, ಅಷ್ಟು ಒಪ್ಪಿದೆ. ಆದರೆ ಬೇರೆಯವರು ಕಲಿತಿದ್ದಾರೆ ಎನ್ನಲು ಇವರ ಸಹಿ ಸಾಕು, ಇವರು ಕಲಿತಿದ್ದಾರೆ ಎನ್ನಲು ಸಾಲದು. ಶಾಸಕರಿಗೂ ಐದು ವರ್ಷಕ್ಕೊಮ್ಮೆ ಪರೀಕ್ಷೆ ಇದೆ ಅಲ್ವಾ ಎಂದು ನೀವು ಕೇಳಬಹುದು. ಇದೆ. ಆದರೆ ಅವರನ್ನು ಯಾರೂ ನೀರಿಗಿಳಿಸಿ ನೋಡುವುದಿಲ್ಲ.

ಇನ್ನು ಕಾಗದಗಳ ವಿಷಯ. ಸಿಒಸಿ ಐದು ವರ್ಷ, ಟ್ಯಾಂಕರಿನಲ್ಲಿ ದುಡಿಯಲು ಬೇಕಾದ ಒಪ್ಪಿಗೆ ಕಾಗದ ಎಂಡಾರ್ಸ್‌ಮೆಂಟ್ ಐದು ವರ್ಷ, ನಾವಿಕನ ಗುರುತಿನ ಪುಸ್ತಕ ಸಿಡಿಸಿ ಹತ್ತು ವರ್ಷ, ಮೆಡಿಕಲ್ ಹೆಚ್ಚೆಂದರೆ ಎರಡು ವರ್ಷ. ಒಂದೊಂದೂ ಒಂದೊಂದು ದಿನ ಮುಗಿಯುತ್ತದೆ. ಎಲ್ಲವೂ ಒಟ್ಟಿಗೆ ಜೀವಂತ ಇರುವ ಮುಹೂರ್ತದಲ್ಲೇ ಕಂಪನಿಯ ಫೋನ್ ಬರಬೇಕು. ಇಡೀ ಫೈಲಿನಲ್ಲಿ ಮನುಷ್ಯನನ್ನು ನಂಬುವ ಕಾಗದ ಒಂದೇ, ಸೊಳ್ಳೆಯಿಂದ ಬರುವ ಹಳದಿ ಜ್ವರದ ಚುಚ್ಚುಮದ್ದಿನದು. ಅದಕ್ಕೂ ಮೊದಲು ಹತ್ತು ವರ್ಷದ ಮಿತಿ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಅದನ್ನು ಜೀವನಪೂರ್ತಿ ನಡೆಯುತ್ತದೆ ಎಂದು ಮಾಡಿತು. ಸೊಳ್ಳೆಗೆ ರಿಫ್ರೆಶರ್ ಬೇಡವಂತೆ.

ಭಾರತದ ಲೈಸೆನ್ಸ್ ಒಂದೇ ಇದ್ದರೆ ಸಾಲುವುದೂ ಇಲ್ಲ. ಹಡಗು ಯಾವ ಬಾವುಟ ಹಾರಿಸುತ್ತದೋ ಆ ದೇಶದ ಎಂಡಾರ್ಸ್‌ಮೆಂಟೂ ಬೇಕು. ಲೈಬೀರಿಯಾದ ಬಾವುಟವಾದರೆ ಲೈಬೀರಿಯಾದ ಕಾಗದ. ಅದನ್ನು ಕೊಡುವ ನೋಂದಣಿ ಸಂಸ್ಥೆಯ ಮುಖ್ಯ ಕಚೇರಿ ಇರುವುದು ಅಮೆರಿಕದ ವರ್ಜೀನಿಯಾದಲ್ಲಿ. ಮಾರ್ಷಲ್ ದ್ವೀಪಗಳದ್ದೂ ಅದೇ ವರ್ಜೀನಿಯಾದಲ್ಲಿ. ಸಮುದ್ರವನ್ನೇ ಕಾಣದ ಮಂಗೋಲಿಯಾಕ್ಕೂ ಹಡಗು ನೋಂದಣಿ ಇದೆ, ಅದು ನಡೆಯುವುದು ಸಿಂಗಾಪುರದಿಂದ. ಒಂದು ದೇಶ ತನ್ನ ಸಮುದ್ರವನ್ನೇ ತೋರಿಸದೆ ಹಡಗು ಇಟ್ಟುಕೊಳ್ಳಬಹುದು. ಉಳ್ಳಾಲದ ಹುಡುಗ ಮಾತ್ರ ಪ್ರತಿ ದಿನದ ಸೀ ಟೈಮಿಗೂ, ಅಂದರೆ ಸಮುದ್ರದಲ್ಲಿ ದುಡಿದ ಹೊತ್ತಿಗೂ, ದಾಖಲೆ ಕೊಡಬೇಕು.

ಇಷ್ಟೆಲ್ಲ ಆದದ್ದು ಇದ್ದಲ್ಲೇ ಇರಲು. ಮೇಲೆ ಹೋಗಬೇಕಾದರೆ ಬೇರೆಯೇ ಮೆಟ್ಟಿಲು: ಸೆಕೆಂಡ್ ಮೇಟ್, ಚೀಫ್ ಮೇಟ್, ಕೊನೆಗೆ ಮಾಸ್ಟರ್, ಅಂದರೆ ಕ್ಯಾಪ್ಟನ್. ಮೊದಲು ಸೀ ಟೈಮ್, ಆಮೇಲೆ ಕೋರ್ಸು, ಲಿಖಿತ ಪರೀಕ್ಷೆ, ಕೊನೆಗೆ ಓರಲ್ಸ್ ಎಂಬ ಮೌಖಿಕ ಪರೀಕ್ಷೆ. ಓದುವ ತಿಂಗಳುಗಳಲ್ಲಿ ಸಂಬಳವಿಲ್ಲದವರೇ ಹೆಚ್ಚು. ಪರೀಕ್ಷೆ ಮಾಡುವ ಸರಕಾರಿ ಸರ್ವೇಯರ್ ಎದುರು ಕೂತು, ಕತ್ತಲಲ್ಲಿ ಕೆಂಪು ದೀಪದ ಮೇಲೆ ಬಿಳಿ ದೀಪ ಕಂಡರೆ ಅದು ಎಂಥ ದೋಣಿ ಎಂದು ಹೇಳಬೇಕು. ಮಲ್ಪೆಯ ಹುಡುಗನಾದರೆ, ಮೀನು ಹಿಡಿಯುವ ದೋಣಿ ಸರ್, ಬಲೆ ಎಳೆದುಕೊಂಡು ಹೋಗುವ ಟ್ರಾಲಿಂಗ್ ಅಲ್ಲ, ಅನ್ನುತ್ತಾನೆ. ನಿಯಮವೂ ಹಾಗೇ ಹೇಳುತ್ತದೆ. ಪಾಸು.

ಕೊನೆಗೊಂದು ದಿನ ಮಾಸ್ಟರ್ ಲೈಸೆನ್ಸ್ ಕೈಗೆ ಬರುತ್ತದೆ. ಮನೆಯಲ್ಲಿ ಹೋಳಿಗೆ. ಮರುದಿನ ಕಂಪನಿಗಳ ಜಾಹೀರಾತು ನೋಡಿದರೆ ಎಲ್ಲ ಕಡೆ ಒಂದೇ ರಾಗ: ಕ್ಯಾಪ್ಟನ್ ಬೇಕು, ಕ್ಯಾಪ್ಟನ್ ಆಗಿ ದುಡಿದ ಅನುಭವ ಕಡ್ಡಾಯ. ಟ್ಯಾಂಕರಿನಲ್ಲಂತೂ ದೊಡ್ಡ ತೈಲ ಕಂಪನಿಗಳು ಅಧಿಕಾರಿಗಳು ಆ ಹುದ್ದೆಯಲ್ಲಿ ಕಳೆದ ವರ್ಷಗಳನ್ನು ಕೂಡಿಸಿ ಕಳೆದು ಲೆಕ್ಕ ನೋಡುತ್ತವೆ. ಕ್ಯಾಪ್ಟನ್ ಆಗುವುದಕ್ಕೆ ಮೊದಲೇ ಕ್ಯಾಪ್ಟನ್ ಆಗಿದ್ದ ಅನುಭವ ಎಲ್ಲಿ ಸಿಗುತ್ತದೆ ಎಂದು ಜಾಹೀರಾತಿನಲ್ಲಿ ಬರೆದಿಲ್ಲ. ಅದಕ್ಕೂ ಒಂದು ಕೋರ್ಸ್ ಬಂದೀತು, ತಡೆಯಿರಿ. ಮೂರು ದಿನ, ಮಧ್ಯಾಹ್ನದ ಊಟ ಸೇರಿ.