ಎಡಗಾಲಿಗೆ ಕೆಲಸ ಕೊಡಿಸಲು ಹೋಗಿ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಗಾಡಿಯ ಗೇರ್‌ಬಾಕ್ಸ್ ಕೆಟ್ಟಿರಲಿಲ್ಲ.

1997ರ ಜೀಪ್ ಚೆರೋಕಿ. 4.0 ಲೀಟರ್, ಆರು ಸಿಲಿಂಡರ್ ಎಂಜಿನ್. ಅದರಲ್ಲಿದ್ದ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಹೆಸರು ಎಡಬ್ಲ್ಯೂ4, ಜಪಾನಿನ ಐಸಿನ್ ಬಳಗದ್ದು. ಈ ಗಾಡಿ ಇಟ್ಟುಕೊಂಡ ಯಾರನ್ನಾದರೂ ಕೇಳಿ, ಬಾಡಿ ತುಕ್ಕು ಹಿಡಿದು ಉದುರಿದರೂ ಆ ಡಬ್ಬ ಮಾತ್ರ ಜಗ್ಗಲ್ಲ ಅನ್ನುತ್ತಾರೆ. ಅಂಥದ್ದನ್ನು ಇಳಿಸಿ, ಅದರ ಜಾಗಕ್ಕೆ ಗುಜರಿಯಿಂದ ತಂದ ಐದು ಗೇರಿನ ಮ್ಯಾನುಯಲ್ ಕೂರಿಸಿದ ಮಹಾನುಭಾವ ನಾನು. ಅದರ ಹೆಸರು ಎಎಕ್ಸ್15. ಅದೂ ಅದೇ ಐಸಿನ್ ಬಳಗದ್ದೇ. ಚೆನ್ನಾಗಿ ದುಡಿಯುತ್ತಿದ್ದ ಅಣ್ಣನನ್ನು ಮನೆಯಿಂದ ಓಡಿಸಿ, ಎಲ್ಲೋ ಬಿದ್ದಿದ್ದ ತಮ್ಮನನ್ನು ಕರೆತಂದ ಹಾಗಾಯಿತು.

ಯಾಕೆ ಅಂತ ಊರಲ್ಲಿ ಅಪ್ಪನೂ ಕೇಳಿದರು. "ಇಲ್ಲಿ ಬೆಂಗಳೂರಲ್ಲಿ ನಿನ್ನ ತಮ್ಮ ಕ್ಲಚ್ ತುಳಿದು ಮಂಡಿ ನೋವು ಅಂತ ಆಟೋಮ್ಯಾಟಿಕ್ ತಗೊಂಡ. ನೀನು ಅಮೆರಿಕಾದಲ್ಲಿ ಕೂತು ಉಲ್ಟಾ ಹೊಡೀತಿದ್ದೀಯಲ್ಲೋ!"

ತಪ್ಪು ಅವರದ್ದೇ. ನಾನು ಗಾಡಿ ಕಲಿತದ್ದು ಮೂಡಿಗೆರೆ ಕಡೆ, ತೋಟದ ಮಹೀಂದ್ರ ಜೀಪಿನಲ್ಲಿ. ಜುಲೈ ತಿಂಗಳ ಮಳೆ, ಮೊಣಕಾಲುದ್ದ ಕೆಸರು, ಹಿಂದೆ ಗೊಬ್ಬರದ ಮೂಟೆ, ಎದುರಿಗೆ ಜಾರುಬಂಡೆಯಂಥ ಇಳಿಜಾರು. ಪಕ್ಕದಲ್ಲಿ ಕೂತ ಡ್ರೈವರಣ್ಣ ಎಲೆಅಡಿಕೆ ಬಾಯಲ್ಲೇ ಹೇಳುತ್ತಿದ್ದ: "ಬ್ರೇಕ್ ಮುಟ್ಟಬೇಡ ಮಾರಾಯ. ಫಸ್ಟಲ್ಲೇ ಬಿಡು. ಅದೇ ಹಿಡ್ಕೊಳ್ತದೆ." ನಿಜ, ಅದೇ ಹಿಡಿದುಕೊಳ್ಳುತ್ತಿತ್ತು. ಆಮೇಲೆ ಡೆನ್ವರಿಗೆ ಬಂದು 14 ವರ್ಷ ಆಯಿತು. ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಪೆಡಲ್ಲೇ ಇಲ್ಲ, ಅಷ್ಟೂ ವರ್ಷ ನನ್ನ ಎಡಗಾಲು ನಿರುದ್ಯೋಗಿ. ಸುಮ್ನೆ ಗಾಡಿಯಲ್ಲಿ ಕೂತು ಆಫೀಸಿಗೆ ಹೋಗಿ ಬರುತ್ತಿತ್ತು, ಅಷ್ಟೆ.

ಅದಕ್ಕೆ ಕೆಲಸ ಕೊಡಿಸಲೇಬೇಕು ಅನ್ನಿಸಿದ್ದು ಮಸ್ಕಿಟೋ ಪಾಸ್‌ನಲ್ಲಿ. ಕೊಲೊರಾಡೋದ ಈ ಕಣಿವೆದಾರಿಗೆ ಸೊಳ್ಳೆಯ ಹೆಸರಿದ್ದರೂ ಎತ್ತರ 13,185 ಅಡಿ. ನಮ್ಮ ಮುಳ್ಳಯ್ಯನಗಿರಿ 6,300 ಅಡಿ ಚಿಲ್ಲರೆ, ಒಂದರ ಮೇಲೊಂದು ಎರಡು ಮುಳ್ಳಯ್ಯನಗಿರಿ ಪೇರಿಸಿದರೂ ಸೊಳ್ಳೆಯೇ ಮೇಲೆ. ಹತ್ತುವಾಗ ಏನೂ ತೊಂದರೆ ಆಗಲಿಲ್ಲ. ಲೆಡ್‌ವಿಲ್ ಕಡೆ ಇಳಿಯುವಾಗ ಕಲ್ಲು ಕಲ್ಲು ದಾರಿ, ಗೇರ್ ಕೆಳಗೆ ಹಾಕಿದರೂ ಗಾಡಿ ಮುಂದಕ್ಕೆ ತಳ್ಳಿಕೊಂಡೇ ಹೋಗುತ್ತಿದೆ, ನನ್ನ ಬಲಗಾಲು ಬ್ರೇಕಿನ ಮೇಲೆ ನಿಂತೇ ಬಿಟ್ಟಿದೆ. ಸ್ವಲ್ಪ ಹೊತ್ತಿಗೆ ನಮ್ಮವಳು ಮೂಗು ಅರಳಿಸಿ, "ರೀ, ಏನೋ ಸೀಯ್ತಿದೆ" ಅಂದಳು. ಒಲೆ ಮೇಲೆ ಏನೂ ಇಟ್ಟಿರಲಿಲ್ಲ, ಆದ್ದರಿಂದ ಬ್ರೇಕೇ ಇರಬೇಕು.

ಅವತ್ತು ರಾತ್ರಿ ಇಂಡಿಯನ್ ಅಂಗಡಿ ಬಿಲ್ಲಿನ ಹಿಂದೆ ಲೆಕ್ಕ ಹಾಕಿ ತೋರಿಸಿದೆ. ಆಟೋಮ್ಯಾಟಿಕ್‌ನಲ್ಲಿ ಮೊದಲ ಗೇರ್ 2.80, ಮ್ಯಾನುಯಲ್‌ನಲ್ಲಿ 3.83. ಅದನ್ನು ಫೋರ್ ಲೋನ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರ್) 2.72ರಿಂದ, ಆಕ್ಸಲ್‌ನ 3.55ರಿಂದ ಗುಣಿಸಿದರೆ ಹಳೆಯದಕ್ಕೆ 27 ಬರುತ್ತದೆ, ಹೊಸದಕ್ಕೆ 37. ಅಂದರೆ ಚಕ್ರ ಒಂದು ಸುತ್ತು ಹಾಕಬೇಕಾದರೆ ಎಂಜಿನ್ 37 ಸುತ್ತು ಹಾಕಬೇಕು. ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಅವಳು ಬಿಲ್ಲು ತಿರುಗಿಸಿ ಬೇಳೆ ರೇಟು ನೋಡಿ, "ಅಂದ್ರೆ ಇನ್ನೂ ನಿಧಾನಕ್ಕೆ ಹೋಗೋಕೆ ಇಷ್ಟು ಖರ್ಚಾ?" ಅಂದಳು. ಹತ್ತುವಾಗ ಆಟೋಮ್ಯಾಟಿಕ್‌ನ ಟಾರ್ಕ್ ಕನ್ವರ್ಟರ್ (ಕ್ಲಚ್ಚಿನ ಜಾಗದಲ್ಲಿರುವ, ಎಣ್ಣೆ ತುಂಬಿದ ಡಬ್ಬಿ) ತನ್ನ ಪಾಲಿನ ಬಲ ಸೇರಿಸುತ್ತೆ, ಹಾಗಾಗಿ ಏರಿನಲ್ಲಿ ಅದೇನೂ ಕಡಿಮೆಯಲ್ಲ ಅನ್ನೋದನ್ನ ನಾನು ಬೇಕಂತಲೇ ಹೇಳಲಿಲ್ಲ. ಕೇಳದ ಪ್ರಶ್ನೆಗೆ ಯಾರಾದರೂ ಉತ್ತರ ಕೊಡುತ್ತಾರಾ?

ಗೇರ್‌ಬಾಕ್ಸ್ ಬದಲಾಯಿಸೋದು ಅಂದರೆ ಗೇರ್‌ಬಾಕ್ಸ್ ಒಂದೇ ಬದಲಾಯಿಸೋದು ಅಂದುಕೊಂಡಿದ್ದೆ. ಮದುವೆ ಅಂದರೆ ತಾಳಿ ಕಟ್ಟೋದು ಮಾತ್ರ ಅಂದುಕೊಂಡ ಹಾಗೆ. ಫ್ಲೈವೀಲ್ ಬೇಕು, ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಬೇಕು, ಕ್ಲಚ್‌ನ ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್ ಬೇಕು, ಪೆಡಲ್‌ಗಳು ಬ್ರಾಕೆಟ್ ಸಮೇತ ಬೇಕು. ಗುಜರಿಯಲ್ಲಿ 1998ರ ಒಂದು ಚೆರೋಕಿ ಸಿಕ್ಕಿತು, ಪುಣ್ಯಕ್ಕೆ ಮ್ಯಾನುಯಲ್. ಇಲ್ಲಿನ ಗುಜರಿಯಲ್ಲಿ ನಮಗೆ ಬೇಕಾದ್ದನ್ನು ನಾವೇ ಬಿಚ್ಚಿಕೊಳ್ಳಬೇಕು. ಪೆಡಲ್ ಬಿಚ್ಚಲು ಕಾಲೆರಡೂ ಸೀಟಿನ ಮೇಲೆ, ತಲೆ ಡ್ಯಾಶ್‌ಬೋರ್ಡಿನ ಅಡಿಗೆ ಹಾಕಿ ಮಲಗಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಅಜ್ಜ ಒಬ್ಬರು ನನ್ನ ಬೂಟು ತಟ್ಟಿ, ಆಂಬುಲೆನ್ಸ್ ಕರೆಯಲಾ ಅಂತ ಕೇಳಿದರು.

ಸಹಾಯಕ್ಕೆ ಮೈಸೂರಿನ ಗೆಳೆಯನೊಬ್ಬ ಬಂದ. ಸಾಫ್ಟ್‌ವೇರಿನವನು. ಸ್ಪ್ಯಾನರ್ ಹಿಡಿದು ಅಭ್ಯಾಸವಿಲ್ಲ, ಆದರೆ ಯೂಟ್ಯೂಬ್ ನೋಡಿ ಎಲ್ಲ ಗೊತ್ತಿತ್ತು. ಈ ಗಾಡಿಯಲ್ಲಿ ಗೇರ್‌ಬಾಕ್ಸನ್ನು ಎಂಜಿನ್ನಿಗೆ ಹಿಡಿದಿಡುವ ಮೇಲಿನ ಎರಡು ಬೋಲ್ಟ್ ಇವೆ. ಅದನ್ನು ವಿನ್ಯಾಸ ಮಾಡಿದವರಿಗೆ ಯಾರ ಮೇಲೆ ಸಿಟ್ಟಿತ್ತೋ ಗೊತ್ತಿಲ್ಲ. ತಲೆ ನಕ್ಷತ್ರದ ಆಕಾರ, ಮಾಮೂಲಿ ಸಾಕೆಟ್ ಹಿಡಿಯಲ್ಲ. ಕೈ ತಾಗಲ್ಲ, ಕಣ್ಣಿಗೂ ಕಾಣಲ್ಲ. ಗೇರ್‌ಬಾಕ್ಸಿನ ಹಿಂಭಾಗವನ್ನು ಸ್ವಲ್ಪ ಜೋತುಬಿಟ್ಟು, ಹತ್ತಿರ ಹತ್ತಿರ ಮೂರು ಅಡಿ ಎಕ್ಸ್‌ಟೆನ್ಶನ್ ಜೋಡಿಸಿ, ದೋಟಿಯಲ್ಲಿ ತೆಂಗಿನಕಾಯಿ ಕೀಳುವವರ ಹಾಗೆ ತಡಕಬೇಕು. ಒಂದು ಬೋಲ್ಟಿಗೆ ಒಂದು ಶನಿವಾರ ಹೋಯಿತು. ಇನ್ನೊಂದಕ್ಕೆ ಭಾನುವಾರ.

ಕೊನೆಗೂ ಡಬ್ಬ ಸಡಿಲವಾಯಿತು. ಜಾಕಿಯ ಮೇಲೆ ಕೂರಿಸಿ ಹಿಂದಕ್ಕೆ ಎಳೆದೆವು, ಎಳೆದ ರಭಸಕ್ಕೆ ಟಾರ್ಕ್ ಕನ್ವರ್ಟರ್ ಮುಂದಕ್ಕೆ ವಾಲಿತು, ಅದರೊಳಗೆ ಉಳಿದಿದ್ದ ಎಣ್ಣೆಯೆಲ್ಲ ದಡಬಡ ಅಂತ ಗೆಳೆಯನ ಎದೆಯ ಮೇಲೆ. ಆಟೋಮ್ಯಾಟಿಕ್ ಗೇರ್ ಎಣ್ಣೆ ಕೆಂಪು ಬಣ್ಣದ್ದು. ಅವನು ಗಾಡಿ ಅಡಿಯಿಂದ ಓಕುಳಿ ಆಡಿದವನ ಹಾಗೆ ತೆವಳಿಕೊಂಡು ಹೊರಗೆ ಬಂದದ್ದಕ್ಕೂ, ನಾಯಿ ಹಿಡಿದುಕೊಂಡು ಪಕ್ಕದ ಮನೆಯವರು ಎದುರಿಗೆ ಬಂದದ್ದಕ್ಕೂ ಸರಿಹೋಯಿತು. ಆ ನಾಯಿ ಇವತ್ತಿಗೂ ನಮ್ಮ ಮನೆ ಕಡೆ ತಿರುಗಲ್ಲ. ಬೆಕ್ಕಿನ ಕಕ್ಕಸಿಗೆ ಹಾಕುವ ಮಣ್ಣು ಎಣ್ಣೆ ಹೀರುತ್ತದೆ ಅಂತ ಎರಡು ಚೀಲ ತಂದು ಸುರಿದೆ. ಆಮೇಲೆ ಬಡಾವಣೆಯ ಸಂಘದಿಂದ ಕಾಗದ ಬಂತು. ಓಡದ ಗಾಡಿಯನ್ನು ಹೀಗೆ ಅರ್ಧ ಗ್ಯಾರೇಜಿನೊಳಗೆ ಅರ್ಧ ಹೊರಗೆ ನಿಲ್ಲಿಸಬಾರದಂತೆ. ಪೂರ್ತಿ ಒಳಗೆ ತಳ್ಳೋಣ ಅಂದರೆ ಗಾಡಿ ನಾಲ್ಕು ಸ್ಟ್ಯಾಂಡಿನ ಮೇಲೆ ನಿಂತಿದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಗಾಡಿಗೆ ಗೇರ್‌ಬಾಕ್ಸ್ ಇಲ್ಲ ಅಂತ ಪೂಜೆ ಬಿಡಲಾಗುತ್ತದೆಯೇ? ನಮ್ಮವಳು ಚೆಂಡುಹೂವಿನ ಹಾರ ಹಾಕಿದಳು, ನೆಲದ ಮೇಲೆ ಮಲಗಿದ್ದ ಹೊಸ ಗೇರ್‌ಬಾಕ್ಸಿಗೆ ವಿಭೂತಿ ಪಟ್ಟೆ ಎಳೆದಳು, ಸ್ಪ್ಯಾನರ್ ಸೆಟ್ಟಿಗೆ ಕುಂಕುಮ ಇಟ್ಟಳು. ಚಕ್ರಕ್ಕೆ ನಿಂಬೆಹಣ್ಣು ಇಡೋಣ ಅಂದರೆ ಚಕ್ರ ನೆಲಕ್ಕೆ ಅರ್ಧ ಅಡಿ ಮೇಲೆ ತೂಗಾಡುತ್ತಿದೆ. "ಇಳಿಸಿದ ಮೇಲೆ ಇಡೋಣ ಬಿಡಿ" ಅಂತ ನಾಲ್ಕು ನಿಂಬೆಹಣ್ಣನ್ನು ಎತ್ತಿಟ್ಟಳು.

ಮುಂದಿನ ವಾರ ಗೇರ್‌ಬಾಕ್ಸ್ ಏರಿಸಿದೆವು. ಬೋಲ್ಟು ಬಿಗಿಯಿತು, ನಾಲ್ಕೂ ಚಕ್ರಕ್ಕೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಸೇರಿತು, ಶಾಫ್ಟುಗಳೂ ಕೂತವು. ಖುಷಿಗೆ ಕಾಫಿ ಕುಡಿಯಲು ಒಳಗೆ ಬಂದೆ. ದೇವರ ಮನೆಯಲ್ಲಿ ನಮ್ಮವಳು ಬಾಡಿದ ಹೂ ತೆಗೆಯುತ್ತಿದ್ದವಳು, "ರೀ, ಇದು ನಿಮ್ಮದಾ? ನಾನು ಬಳೆ ಅಂದ್ಕೊಂಡಿದ್ದೆ" ಅಂತ ಕುಂಕುಮ ಮೆತ್ತಿದ ಒಂದು ಪುಟ್ಟ ಉಂಗುರವನ್ನು ಅಂಗೈಯಲ್ಲಿಟ್ಟು ತೋರಿಸಿದಳು.

ಅದು ಪೈಲಟ್ ಬೇರಿಂಗ್. ಎಂಜಿನ್ನಿನ ಕ್ರ್ಯಾಂಕ್ ತುದಿಯಲ್ಲಿ ಕೂತು ಗೇರ್‌ಬಾಕ್ಸ್ ಶಾಫ್ಟಿನ ಮೂತಿಯನ್ನು ಹಿಡಿದುಕೊಳ್ಳುವುದು ಅದರ ಕೆಲಸ. ಆಟೋಮ್ಯಾಟಿಕ್‌ಗೆ ಅದು ಬೇಡ, ಮ್ಯಾನುಯಲ್‌ಗೆ ಇಲ್ಲದೆ ಆಗಲ್ಲ. ಎಲ್ಲದಕ್ಕಿಂತ ಮೊದಲು ಹಾಕಬೇಕಾದ್ದು. ಪೂಜೆಯ ದಿನ ಹೊಸ ಸಾಮಾನು ಅಂತ ತಟ್ಟೆಯಲ್ಲಿ ಇಟ್ಟಿದ್ದವನು ನಾನೇ. ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಗೆಳೆಯನಿಗೆ ಹೇಳೋದು ಹೇಗೆ ಅಂತ ಹತ್ತು ನಿಮಿಷ ಅಡುಗೆಮನೆಯಲ್ಲೇ ನಿಂತಿದ್ದೆ. ಹೇಳಿದೆ. ಅವನು ಏನೂ ಮಾತಾಡದೆ ಆ ಮೂರು ಅಡಿ ಎಕ್ಸ್‌ಟೆನ್ಶನ್ ಕೈಗೆತ್ತಿಕೊಂಡ. ಒಂದು ಕ್ಷಣ ಅದು ಬೋಲ್ಟಿಗೋ ನನಗೋ ಗೊತ್ತಾಗಲಿಲ್ಲ.

ಮತ್ತೆ ಇಳಿಸಿ, ಬೇರಿಂಗ್ ಕೂರಿಸಿ, ಮತ್ತೆ ಏರಿಸಿ, ಗಾಡಿಯನ್ನು ನೆಲಕ್ಕೆ ಇಳಿಸುವಷ್ಟರಲ್ಲಿ ಮೊದಲ ಹಿಮ ಬಿದ್ದಿತ್ತು. ಎತ್ತಿಟ್ಟಿದ್ದ ನಿಂಬೆಹಣ್ಣು ಗೋಲಿಯಷ್ಟು ಗಟ್ಟಿಯಾಗಿದ್ದರೂ ಶಾಸ್ತ್ರಕ್ಕೆ ಚಕ್ರದ ಮುಂದೆ ಇಟ್ಟೆವು. ಕೀ ತಿರುಗಿಸಿದೆ. ಟಕ್ ಅಂತಲೂ ಇಲ್ಲ. ಬ್ಯಾಟರಿ ಸರಿ ಇದೆ, ಸ್ಟಾರ್ಟರ್ ಸರಿ ಇದೆ. ಮೂರು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಆಟೋಮ್ಯಾಟಿಕ್ ಗಾಡಿ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇದ್ದರೆ ಮಾತ್ರ ಸ್ಟಾರ್ಟ್ ಆಗುತ್ತದೆ, ಅದನ್ನು ಹೇಳುವ ಸ್ವಿಚ್ಚು ಹಳೆಯ ಗೇರ್‌ಬಾಕ್ಸಿನ ಜೊತೆ ಮೂಲೆಯಲ್ಲಿ ಬಿದ್ದಿದೆ. ಪಾಪ, ಗಾಡಿ ಹಳೆಯ ಯಜಮಾನನ ಅಪ್ಪಣೆಗೆ ಕಾಯುತ್ತಾ ಕೂತಿತ್ತು. ಎರಡು ವೈರು ಸೇರಿಸಿ ಆ ಅಪ್ಪಣೆ ನಾವೇ ಕೊಟ್ಟುಬಿಟ್ಟೆವು.

ಸೇರಿಸಿದ ತಕ್ಷಣ, ಅದೇ ಉತ್ಸಾಹದಲ್ಲಿ, ಕ್ಲಚ್ ತುಳಿಯದೆ ಕೀ ತಿರುಗಿಸಿದೆ. ಗೇರ್ ಫಸ್ಟಿನಲ್ಲಿತ್ತು. ಗಾಡಿ ಕಪ್ಪೆಯ ಹಾಗೆ ಒಂದೂವರೆ ಅಡಿ ಮುಂದಕ್ಕೆ ನೆಗೆಯಿತು. ನಾಲ್ಕೂ ನಿಂಬೆಹಣ್ಣು ಪುಡಿಪುಡಿ, ಗೋಡೆಗೆ ಒರಗಿಸಿದ್ದ ಸೋನಾ ಮಸೂರಿ ಮೂಟೆ ಒಡೆದು ಬಂಪರಿನ ಮೇಲೆ ಅಕ್ಷತೆ. ಗೋಡೆ ಉಳಿಯಿತು. ನಮ್ಮವಳು ಬಾಗಿಲಲ್ಲಿ ನಿಂತು, "ಪೂಜೆ ಈಗ ಆಯ್ತು ನೋಡಿ" ಅಂದಳು.

ಹೊರಗೆ ತೆಗೆದ ಮೇಲೆ ಇನ್ನೊಂದು ಸತ್ಯ ಬಯಲಾಯಿತು. 14 ವರ್ಷದಲ್ಲಿ ನನ್ನ ಎಡಗಾಲು ಎಲ್ಲ ಮರೆತಿತ್ತು. ನಮ್ಮ ರಸ್ತೆ ದಾಟುವಷ್ಟರಲ್ಲಿ ನಾಲ್ಕು ಸಲ ಎಂಜಿನ್ ಆಫ್ ಆಯಿತು. "ಸ್ವಲ್ಪ ಸರೀರಿ ನೋಡೋಣ" ಅಂತ ನಮ್ಮವಳು ಕೂತಳು. ಜಯನಗರದ ಡ್ರೈವಿಂಗ್ ಸ್ಕೂಲಿನ ಮಾರುತಿ 800ರಲ್ಲಿ ಕಲಿತವಳು. ಹಾಫ್ ಕ್ಲಚ್‌ನಲ್ಲಿ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿ, ಬೆಣ್ಣೆಯ ಹಾಗೆ ಎತ್ತಿಕೊಂಡು ಹೋದಳು.

ಈಗ ಜೀಪು ಅವಳ ಜೊತೆ ಆಫೀಸಿಗೆ ಹೋಗುತ್ತದೆ. ಮೆಷೀನೇ ಬೇರೆ ಥರ ಇದೆ ಅಂತ ಬೇರೆ ಅನ್ನುತ್ತಾಳೆ. ನನ್ನ ಪಾಲಿಗೆ ಬಂದಿರೋದು ಅವಳ ಹಳೆಯ ಆಟೋಮ್ಯಾಟಿಕ್ ಕಾರು. ಮೊನ್ನೆ ಗೆಳೆಯನ ಮನೆಗೆ ಊಟಕ್ಕೆ ಹೊರಟಾಗ ಹಿಂದಿನ ಸೀಟಿನಲ್ಲಿ ಇಡ್ಲಿ ಹಿಟ್ಟಿನ ಪಾತ್ರೆ ಇಟ್ಟುಕೊಂಡಿದ್ದೆ. ಸಿಗ್ನಲ್ ಕೆಂಪಾಯಿತು. ವಾರಾಂತ್ಯಗಳಲ್ಲಿ ಜೀಪು ಓಡಿಸಿ ಅಷ್ಟಿಷ್ಟು ಕಲಿತಿದ್ದ ಎಡಗಾಲು ಕ್ಲಚ್ ಹುಡುಕಿಕೊಂಡು ಹೋಗಿ, ಅಗಲವಾದ ಬ್ರೇಕ್ ಪೆಡಲ್ ಸಿಕ್ಕಿದ್ದನ್ನೇ ಗಟ್ಟಿಯಾಗಿ ತುಳಿದುಬಿಟ್ಟಿತು. ಪಾತ್ರೆ ಹಿಂದೆಯೇ ಉಳಿಯಿತು. ಹಿಟ್ಟು ಮಾತ್ರ ಮುಂದಿನ ಸೀಟಿಗೆ ಬಂತು.